ಬರೋ ಪೈಪು, ಹೋಗೋ ಪೈಪು

ಸೌದೆಗೆ ಪೈಪು ಬೇಡ. ಸೌದೆ ಒಲೆಯ ಗುಣಗಾನ ಮಾಡುವವರು ರುಚಿ, ಘಮ ಎಂದೆಲ್ಲ ಹೇಳಿ ಈ ದೊಡ್ಡ ಗುಣವನ್ನು ಮರೆತುಬಿಡುತ್ತಾರೆ. ಸೌದೆ ಲಾರಿಯಲ್ಲಿ ಬರುತ್ತದೆ, ಹಿತ್ತಲಲ್ಲಿ ಬೀಳುತ್ತದೆ, ಯಾರದೋ ಹೆಗಲೇರಿ ಒಲೆಯ ಬಾಯಿಗೆ ಹೋಗುತ್ತದೆ. ಹೊಗೆ ತನ್ನ ದಾರಿಯನ್ನು ತಾನೇ ಹುಡುಕಿಕೊಂಡು ಮೊದಲು ಅಡುಗೆಯವರ ಕಣ್ಣಿಗೂ ಆಮೇಲೆ ಹೆಂಚಿನ ಸಂದಿಗೂ ನುಗ್ಗುತ್ತದೆ. ಬೂದಿ ಪಾತ್ರೆ ತಿಕ್ಕುವವರ ಪಾಲು. ಬರುವುದಕ್ಕೂ ಹೋಗುವುದಕ್ಕೂ ಯಾರೂ ನಕ್ಷೆ ಬರೆಯಬೇಕಾಗಿರಲಿಲ್ಲ.

ತುಮಕೂರಿನ ಆಚೆ ಕಲ್ಯಾಣ ಮಂಟಪ ನಡೆಸುವ ನಮ್ಮ ಭಾವ ಸೌದೆ ಬಿಟ್ಟು ಗ್ಯಾಸಿಗೆ ಬದಲಾಗಲು ನಿರ್ಧರಿಸಿದಾಗ ಈ ನಕ್ಷೆಯ ಕಾಲ ಶುರುವಾಯಿತು. ಕೆಳಗೆ ಅಡುಗೆಮನೆಗೆ ದೊಡ್ಡ ಒಲೆಗಳ ಸಾಲು, ಮೇಲಿನ ಕೋಣೆಗಳಲ್ಲಿ ಇಳಿದುಕೊಳ್ಳುವ ಬೀಗರಿಗೆ ಬೆಳಗಿನ ಜಾವದ ಸ್ನಾನಕ್ಕೆ ಗ್ಯಾಸ್ ಬಾಯ್ಲರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. "ನೀನು ಕೆಮಿಸ್ಟ್ರಿ ಅಲ್ವೇನಯ್ಯ? ಸುಮ್ನೆ ಬಂದು ನಿಂತ್ಕೋ, ಅವರಿಗೊಂದು ಭಯ ಇರುತ್ತೆ" ಎಂದು ಭಾವ ಫೋನ್ ಮಾಡಿದರು. ಹೋಗಿ ನಿಂತೆ. ಭಯವೇನೋ ಯಾರಿಗೂ ಆಗಲಿಲ್ಲ. ಪ್ಲಂಬರ್ ಮೇಸ್ತ್ರಿ ಮಾತ್ರ ಕುರ್ಚಿ ತರಿಸಿಕೊಟ್ಟರು, ನೆರಳು ನೋಡಿ ಹಾಕಿಸಿದರು, ಆಮೇಲೆ ನನ್ನನ್ನು ಮರೆತರು.

ಮೊದಲ ಜಗಳ ಸಿಲಿಂಡರ್ ಎಲ್ಲಿಡಬೇಕು ಎಂಬುದರ ಮೇಲೆ. ದೊಡ್ಡ ಅಡುಗೆಗೆ ಒಂದು ಸಿಲಿಂಡರ್ ಸಾಲದು. ಒಳಗಿನ ದ್ರವ ಆವಿಯಾಗಬೇಕಾದರೆ ಶಾಖ ಬೇಕು. ಹತ್ತಾರು ಬರ್ನರುಗಳು ಒಟ್ಟಿಗೆ ಎಳೆದರೆ ಸಿಲಿಂಡರ್ ತನ್ನ ಮೈಯ ಶಾಖವನ್ನೇ ಕೊಟ್ಟು ತಣ್ಣಗಾಗಿ, ಬೆವರಿ, ಹೊರಗೆ ಹಿಮ ಕಟ್ಟಿಸಿಕೊಂಡು, ಅನ್ನ ಅರ್ಧ ಬೆಂದಿರುವಾಗ ಕೈಕೊಡುತ್ತದೆ. ಆಗ ಕೆಲವರು ಅದರ ಮೇಲೆ ಬಿಸಿನೀರು ಸುರಿಯುತ್ತಾರೆ, ಇನ್ನು ಕೆಲವರು ಉರುಳಿಸಿ ಮಲಗಿಸುತ್ತಾರೆ. ಎರಡೂ ಅಪಾಯ. ಅದಕ್ಕೇ 19 ಕೆಜಿಯ ಸಿಲಿಂಡರುಗಳನ್ನು ಎರಡು ಸಾಲಾಗಿ ಒಂದೇ ಪೈಪಿಗೆ ಜೋಡಿಸುವುದು: ಒಂದು ಸಾಲು ಉರಿಯುತ್ತಿದ್ದರೆ ಇನ್ನೊಂದು ಕಾಯುತ್ತಿರುತ್ತದೆ. ಇದಕ್ಕೆ ಗ್ಯಾಸ್ ಬ್ಯಾಂಕ್ ಎನ್ನುತ್ತಾರೆ. ಭಾವನವರು ಈ ಬ್ಯಾಂಕಿಗೆ ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದ ಮೂಲೆಯನ್ನು ತೋರಿಸಿದರು. "ಇಲ್ಲಿ ಯಾರೂ ಓಡಾಡಲ್ಲ, ಸೇಫು."

ಮೇಸ್ತ್ರಿ ಅಲ್ಲಿದ್ದ ಚೇಂಬರಿನ ಮುಚ್ಚಳವನ್ನು ಕಾಲಿನಿಂದ ತಟ್ಟಿದರು. "ಇದು ಇಲ್ಲಿರೋದಾದ್ರೆ ಅದು ಇಲ್ಲಿ ಬೇಡ ಯಜಮಾನ್ರೇ. ಸೋರಿದ್ರೆ ಈ ಗ್ಯಾಸು ಮೇಲಕ್ಕೋಗಲ್ಲ, ತಗ್ಗು ಹುಡುಕ್ಕೊಂಡ್ ಹೋಗ್ತದೆ. ಸೀದಾ ಮೋರಿಗಿಳಿದು ಅಲ್ಲೇ ಕೂತ್ಕೊಳ್ತದೆ."

ಭಾವ ನನ್ನ ಕಡೆ ನೋಡಿದರು. ನಾನು ಕುರ್ಚಿಯಿಂದಲೇ ತಲೆಯಾಡಿಸಿದೆ. ಮೇಸ್ತ್ರಿಯ ಮಾತು ನೂರಕ್ಕೆ ನೂರು ಸರಿ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ನೆಲದಡಿಯ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನು. ಅದು ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ಕಿಟಕಿ ಹುಡುಕುತ್ತದೆ. ಸಿಲಿಂಡರಿನ ಎಲ್‌ಪಿಜಿಯಲ್ಲಿರುವ ಪ್ರೊಪೇನು ಗಾಳಿಗಿಂತ ಒಂದೂವರೆ ಪಟ್ಟು, ಬ್ಯುಟೇನು ಎರಡು ಪಟ್ಟು ಭಾರ. ಬರುವ ಪೈಪಿನ ಲೆಕ್ಕವನ್ನು ಹೋಗುವ ಪೈಪು ನೋಡದೆ ಹಾಕುವಂತಿಲ್ಲ ಎಂಬುದು ಹೀಗೆ ಮೊದಲ ದಿನವೇ ಗೊತ್ತಾಯಿತು. ಬ್ಯಾಂಕು ಕಟ್ಟಡದ ಇನ್ನೊಂದು ಬದಿಯ ಬಯಲಿಗೆ ಹೋಯಿತು. ಭಾವನವರ ಎರಡು ದಾಸವಾಳದ ಗಿಡಗಳು ಹುತಾತ್ಮವಾದವು.

ಸೋರಿದರೆ ಗೊತ್ತಾಗುವುದು ವಾಸನೆಯಿಂದ. ಆ ವಾಸನೆ ಗ್ಯಾಸಿನದಲ್ಲ, ಬೇಕೆಂದೇ ಬೆರೆಸಿದ್ದು. ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ ಎಷ್ಟು ದುರ್ನಾತದ್ದೆಂದರೆ ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲಿದ್ದರೂ ಮೂಗು ಹಿಡಿದುಬಿಡುತ್ತದೆ. ಇದನ್ನು ವಿವರಿಸುತ್ತಿದ್ದಾಗ ಅಡುಗೆ ಭಟ್ಟರು ನಡುವೆ ಬಾಯಿ ಹಾಕಿದರು: "ಒಗ್ಗರಣೆಗೆ ಇಂಗು ಬಿದ್ದಾಗ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು ಸ್ವಾಮಿ?" ಪ್ರಶ್ನೆ ಸುಲಭದ್ದಲ್ಲ, ಇಂಗಿನ ಘಾಟಿಗೂ ಗಂಧಕದ ಸಂಯುಕ್ತಗಳೇ ಕಾರಣ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂದ ಹಿರಿಯರು ಗ್ಯಾಸಿನ ಕಾಲ ಕಂಡಿರಲಿಲ್ಲ. ಕೊನೆಗೆ ಭಟ್ಟರ ಮೂಗಿನ ಸಹಾಯಕ್ಕೆ ಒಂದು ಲೀಕ್ ಡಿಟೆಕ್ಟರನ್ನೂ ನೆಲದಿಂದ ಗೇಣೆತ್ತರದಲ್ಲಿ ಕೂರಿಸಿದರು. ಎಲ್‌ಪಿಜಿಗೆ ಅದರ ಜಾಗ ಕೆಳಗೇ.

ಈ ದುರ್ವಾಸನೆಯ ಹಿಂದೆ ನಗು ಬಾರದ ಒಂದು ಕಥೆಯಿದೆ. ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಎಣ್ಣೆಬಾವಿಗಳ ಊರಿನ ಶಾಲೆಗೆ ಮೊದಲು ಹಾಕಿದ ಯೋಜನೆ ಬಾಯ್ಲರಿನದು. ಅದನ್ನು ಬದಲಿಸಿ ಕಟ್ಟಡದ ತುಂಬ ಗ್ಯಾಸ್ ಹೀಟರುಗಳನ್ನು ಇಟ್ಟರು. ಖರ್ಚು ಉಳಿಸಲು, ಎಣ್ಣೆ ಕಂಪನಿಗಳು ಸುಟ್ಟು ಹಾಳು ಮಾಡುತ್ತಿದ್ದ ಅನಿಲದ ಕೊಳವೆಯಿಂದ ಪುಕ್ಕಟೆ ಸಂಪರ್ಕ ಎಳೆದುಕೊಂಡರು. ಅದಕ್ಕೆ ವಾಸನೆಯೇ ಇರಲಿಲ್ಲ. ನೆಲದಡಿಯ ಖಾಲಿ ಜಾಗದಲ್ಲಿ ಸೋರಿ ತುಂಬಿಕೊಂಡದ್ದು ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ ಒಂದು ಕಿಡಿ ಸಾಕಾಯಿತು. ಸುಮಾರು 300 ಮಂದಿ, ಬಹುಪಾಲು ಮಕ್ಕಳು, ತೀರಿಕೊಂಡರು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂದು ಟೆಕ್ಸಾಸಿನಲ್ಲಿ ಕಾನೂನು ಬಂದದ್ದು ಅದರ ನಂತರ. ಮನೆಯಲ್ಲಿ ಗ್ಯಾಸಿನ ವಾಸನೆ ಬಂದಾಗ ಮುಖ ಕಿವಿಚುವ ಬದಲು ಕಿಟಕಿ ತೆಗೆದು ಆ ವಾಸನೆಗೆ ಕೈ ಮುಗಿಯಬೇಕು.

ಇನ್ನು ಪೈಪು. ಬಂದದ್ದು ಕೆಂಪು ಪಟ್ಟೆಯ ಜಿ.ಐ. ಪೈಪು, ಅಂದರೆ ಸಿ ಕ್ಲಾಸು, ಎಲ್ಲಕ್ಕಿಂತ ದಪ್ಪದ್ದು. ನೀಲಿ ಪಟ್ಟೆಯದು ಬಿ, ಹಳದಿಯದು ಎ. ಕೆಂಪು ಪಟ್ಟೆ ಬಂದಿದೆಯೇ ಎಂದು ಭಾವ ಕಾವಲು ಕೂತು ನೋಡಿದರು. ಮೇಸ್ತ್ರಿ ಅದಕ್ಕೆಲ್ಲ ಹಳದಿ ಬಣ್ಣ ಬಳಿದಾಗ ಹೌಹಾರಿ, ಗ್ಯಾಸಿನ ಪೈಪಿಗೆ ಹಳದಿಯೇ ಬಳಿಯುವುದು ಎಂದು ತಿಳಿದ ಮೇಲೆ ಸಮಾಧಾನಗೊಂಡರು. ಒಲೆಯ ಹತ್ತಿರ ಪೈಪು ತಿರುಗುವ ಮುನ್ನ ಒಂದು ಟೀ ಹಾಕಿ, ಕೆಳಗೆ ಮೂರಿಂಚಿನ ತುಂಡು ಇಳಿಬಿಟ್ಟು ಬಾಯಿಗೆ ಕ್ಯಾಪ್ ತಿರುಗಿಸಿದ್ದನ್ನು ಕಂಡು ಅವರ ಅನುಮಾನ ಮತ್ತೆ ಎದ್ದಿತು. "ಎಲ್ಲಿಗೂ ಹೋಗದ ಪೈಪಿಗೂ ದುಡ್ಡಾ?" ಅದು ಡ್ರಿಪ್ ಲೆಗ್. ಗ್ಯಾಸಿನ ಜತೆ ಬರುವ ತುಕ್ಕು, ಕಸರು, ಎಣ್ಣೆಯಂಥ ಜಿಡ್ಡು ಬರ್ನರಿನ ಸೂಜಿಗಣ್ಣಿಗೆ ಹೋಗಿ ಕೂರುವ ಬದಲು ಅಲ್ಲಿ ಬಿದ್ದಿರುತ್ತದೆ. ಬರುವ ಪೈಪಿನೊಳಗೂ ಹೋಗುವವರಿಗೊಂದು ಜಾಗ!

ಒತ್ತಡದ ಪರೀಕ್ಷೆಯ ದಿನ ಪೈಪಿಗೆ ಗಾಳಿ ತುಂಬಿ, ಗೇಜಿನ ಮುಳ್ಳಿನ ಜಾಗಕ್ಕೆ ಗುರುತು ಹಾಕಿ, ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ನೋಡಿದರೆ ಮುಳ್ಳು ಒಂದು ಗೆರೆ ಇಳಿದಿದೆ. ಕಾವಲಿನವನ ಮೇಲೆ, ಮೇಸ್ತ್ರಿಯ ಹುಡುಗನ ಮೇಲೆ, ಕೊನೆಗೆ ರಾತ್ರಿ ಅಲ್ಲಿ ಮಲಗಿದ್ದ ಬೆಕ್ಕಿನ ಮೇಲೆ ಸಂಶಯ ಹೋಯಿತು. ನನ್ನ ವಿದ್ಯೆಗೆ ಕೆಲಸ ಸಿಕ್ಕಿದ್ದು ಆಗಲೇ. ಮುಚ್ಚಿದ ಪೈಪಿನಲ್ಲಿ ಉಷ್ಣತೆ 30 ಡಿಗ್ರಿಯಿಂದ 20ಕ್ಕೆ ಇಳಿದರೆ ಒತ್ತಡ ನೂರಕ್ಕೆ ಮೂರರಷ್ಟು ಇಳಿಯಲೇಬೇಕು, ಬಿಸಿಲೇರಲಿ ಎಂದೆ. ಹನ್ನೊಂದರ ಹೊತ್ತಿಗೆ ಮುಳ್ಳು ಗುರುತಿಗೆ ಬಂದು ನಿಂತಿತು. ಮೇಸ್ತ್ರಿ ನನ್ನ ಮಾತಿಗೆ ಗೌರವ ಕೊಟ್ಟು, ಆಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಸಿದ್ಧಾಂತ ಸರಿಯಾಗಿದೆ ಅಂದ ಮಾತ್ರಕ್ಕೆ ಜಾಯಿಂಟ್ ಸರಿಯಾಗಿರಬೇಕೆಂದೇನಿಲ್ಲವಲ್ಲ.

ಗ್ಯಾಸಿನ ಒತ್ತಡವನ್ನು ನೀರಿನಿಂದ ಅಳೆಯುತ್ತಾರೆ ಎಂಬುದೂ ನನಗೆ ಇಷ್ಟವಾದ ಸಂಗತಿ. ಯು ಆಕಾರದ ಗಾಜಿನ ಕೊಳವೆಯಲ್ಲಿ ನೀರು ಹಾಕಿ, ಗ್ಯಾಸು ಅದನ್ನು ಎಷ್ಟು ಮೇಲೆ ತಳ್ಳುತ್ತದೆ ಎಂದು ನೋಡುವುದು. ನಮ್ಮ ಮನೆಯ ರೆಗ್ಯುಲೇಟರ್ ದಾಟಿ ಒಲೆಗೆ ಬರುವ ಗ್ಯಾಸು ಸುಮಾರು 30 ಸೆಂಟಿಮೀಟರ್ ನೀರನ್ನು ಎತ್ತಬಲ್ಲದು, ಅಷ್ಟೇ. ಇಷ್ಟು ಬಡಪಾಯಿ ಬಲದ ಮೇಲೆ ನಮ್ಮ ತಿಂಡಿ, ಊಟ, ಕಾಫಿ ಎಲ್ಲ ನಿಂತಿವೆ.

ಗ್ಯಾಸಿನ ಕೆಲಸ ಮುಗಿಯುವವರೆಗೆ ಕೈಬಿಚ್ಚಿ ಖರ್ಚು ಮಾಡಿದ ಭಾವ ಡ್ರೈನೇಜಿಗೆ ಬರುತ್ತಿದ್ದಂತೆ ಮುಷ್ಟಿ ಬಿಗಿ ಮಾಡಿದರು. "ನೀರು ತಾನೇ, ಹೋಗುತ್ತೆ ಬಿಡಿ." ನೀರು ಹೋಗುವುದಿಲ್ಲ. ಕಳಿಸಿದರೆ ಹೋಗುತ್ತದೆ. ನಲವತ್ತು ಅಡಿಗೆ ಒಂದಡಿ ಇಳಿಜಾರು ಬೇಕು ಎಂದು ಪ್ಲಂಬರ್ ಮೇಸ್ತ್ರಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲದಿದ್ದರೆ ತನ್ನ ಮಾನ ಹೋಗುತ್ತದೆ ಎಂದು ಟೈಲ್ಸ್ ಮೇಸ್ತ್ರಿ. ಇಬ್ಬರೂ ತಮ್ಮ ತಮ್ಮ ಕಸುಬಿಗೆ ನಿಷ್ಠರು. ಅದರಿಂದಲೇ ನಮ್ಮ ನಾಡಿನ ಬಚ್ಚಲುಗಳಲ್ಲಿ ನೀರು ನಿಲ್ಲುವುದು.

ನೆಲದ ಜಾಲರಿಯ ಕೆಳಗೆ ಕೂರುವುದು ನಹಾನಿ ಟ್ರ್ಯಾಪು. ಬಾಗಿದ ಕೊಳವೆಯಲ್ಲಿ ಎರಡಿಂಚು ನೀರು ಸದಾ ನಿಂತು ಮೋರಿಯ ಗಾಳಿಯನ್ನು ತಡೆಯುತ್ತದೆ. ಶೌಚಾಲಯಕ್ಕೆ ಇಂಥ ಬಾಗು ಕೊಳವೆಯನ್ನು ಸೇರಿಸಿ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಕಸುಬಿನಲ್ಲಿ ಗಡಿಯಾರ ಮಾಡುವವನು. ಕಾಲವನ್ನು ಮುಂದಕ್ಕೆ ಓಡಿಸುತ್ತಿದ್ದವನಿಗೆ ನೀರನ್ನು ಒಂದು ಕಡೆ ನಿಲ್ಲಿಸಬೇಕೆಂದು ತೋಚಿದ್ದು ಚೆನ್ನಾಗಿದೆ. ಆದರೆ ಅವನಿಗೆ ಆಷಾಢ ಗೊತ್ತಿರಲಿಲ್ಲ. ಆಷಾಢದಲ್ಲೂ ಧನುರ್ಮಾಸದಲ್ಲೂ ಛತ್ರ ಖಾಲಿ. ಟ್ರ್ಯಾಪಿನ ನೀರು ಆರುತ್ತದೆ, ಮೋರಿ ತನ್ನ ಇರವನ್ನು ಸಾರುತ್ತದೆ. "ಮದುವೆ ಇಲ್ದಿದ್ರೂ ವಾರಕ್ಕೊಂದ್ಸಲ ಒಂದೊಂದು ಚೊಂಬು ನೀರು ಹಾಕ್ಸಿ" ಎಂದು ಮೇಸ್ತ್ರಿ ವ್ರತ ಹೇಳಿಕೊಟ್ಟರು.

ಜಿಡ್ಡಿನ ತೊಟ್ಟಿಗೂ ಭಾವ ಕೊಸರಾಡಿದರು. ಬೋಂಡದ ಎಣ್ಣೆ, ಒಬ್ಬಟ್ಟಿನ ತುಪ್ಪ ಬಿಸಿಯಲ್ಲಿ ಹರಿದುಹೋಗಿ ಪೈಪಿನ ತಂಪಿನಲ್ಲಿ ಹೆಪ್ಪುಗಟ್ಟುತ್ತವೆ. ಮೊದಲೇ ತೊಟ್ಟಿಯಲ್ಲಿ ತಡೆದು ತೇಲಿಸಿ ತೆಗೆಯಬೇಕು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿಯ ಚರಂಡಿಯಲ್ಲಿ 250 ಮೀಟರ್ ಉದ್ದದ, 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತ್ತು. ಅದರದೊಂದು ತುಂಡನ್ನು ಮ್ಯೂಸಿಯಮ್ಮಿನಲ್ಲೂ ಇಟ್ಟರು ಎಂದು ಹೇಳಿದೆ. ಭಟ್ಟರು ನಿಟ್ಟುಸಿರಿಟ್ಟು, "ಅಷ್ಟು ತುಪ್ಪ ಎಲೆಗೆ ಬಿದ್ದಿದ್ದರೆ ಎಂಥ ಹೆಸರು ಬರುತ್ತಿತ್ತು" ಎಂದರು.

ಎರಡೂ ಪೈಪುಗಳು ಒಟ್ಟು ಸೇರಿದ್ದು ಬಾಯ್ಲರಿನಲ್ಲಿ. ಅದರ ಸೇಫ್ಟಿ ವಾಲ್ವಿನಿಂದ ಒಂದು ಪೈಪು ಮೋರಿಗೆ. ನೀರು 15 ಡಿಗ್ರಿಯಿಂದ 65ಕ್ಕೆ ಕಾದರೆ ನೂರಕ್ಕೆ ಎರಡರಷ್ಟು ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಬೇರೆ ಜಾಗವಿಲ್ಲದಿದ್ದರೆ ದಾರಿ ಬಿಡಬೇಕು. ತೊಟ್ಟಿಕ್ಕುತ್ತದೆಂದು ಈ ಬಾಯಿಗೆ ಡಮ್ಮಿ ಹಾಕಿ ಮುಚ್ಚುವ ಜಾಣರಿದ್ದಾರಂತೆ. ಮೇಸ್ತ್ರಿ ಅಂಥವರ ಬಗ್ಗೆ ಆಡಿದ ಮಾತನ್ನು ಬರೆಯಲಾರೆ.

ಇನ್ನೊಂದು ಸಣ್ಣ ಕೊಳವೆ ಬಾಯ್ಲರಿನ ಬುಡದಿಂದ. ಮೊದಲ ಸಲ ಹೊತ್ತಿಸಿದಾಗ ಅದರಿಂದ ಹನಿ ಬೀಳುವುದನ್ನು ಕಂಡು ಭಟ್ಟರು, "ಹೊಸಾ ಬಾಯ್ಲರು ಸೋರುತ್ತಿದೆ!" ಎಂದು ಕೂಗಿದರು. ಸೋರುತ್ತಿರಲಿಲ್ಲ. ಗ್ಯಾಸಿನ ಹೈಡ್ರೋಜನ್ನು ಗಾಳಿಯ ಆಮ್ಲಜನಕದ ಜತೆ ಉರಿದರೆ ಹುಟ್ಟುವುದು ನೀರು. ಒಂದು ಕೆಜಿ ಎಲ್‌ಪಿಜಿಗೆ ಸುಮಾರು ಒಂದೂವರೆ ಕೆಜಿಗೂ ಮೀರಿ, 19 ಕೆಜಿಯ ಸಿಲಿಂಡರಿಗೆ ಹೆಚ್ಚುಕಡಿಮೆ 30 ಲೀಟರ್. ಸಾಧಾರಣ ಒಲೆಯಲ್ಲಿ ಇದು ಆವಿಯಾಗಿ ಹೋಗಿಬಿಡುತ್ತದೆ. ಈ ಜಾತಿಯ ಬಾಯ್ಲರು ಆ ಆವಿಯನ್ನು ತಣಿಸಿ ಅದರ ಶಾಖವನ್ನೂ ಕಿತ್ತುಕೊಳ್ಳುವುದರಿಂದ ಒಂದಷ್ಟು ನೀರಾಗಿ ಇಳಿಯುತ್ತದೆ. ಭಟ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಕಾಶದಿಂದ ವಾಯು, ವಾಯುವಿನಿಂದ ಅಗ್ನಿ, ಅಗ್ನಿಯಿಂದ ನೀರು ಎಂಬ ತೈತ್ತಿರೀಯದ ಕ್ರಮವನ್ನು ನೆನೆದು, "ನಮಗೆ ಗೊತ್ತಿದ್ದದ್ದೇ, ಪೈಪು ಈಗ ಬಂತು" ಎಂದರು. ಕಾಲೇಜಿನಲ್ಲಿ ಸಮೀಕರಣ ಬರೆದು ಬರೆದು ಬೋರ್ಡು ಸವೆಸಿದವನಿಗೆ ಇಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ.

ಆ ನೀರು ಹುಳಿ. ಕಬ್ಬಿಣದ ಪೈಪನ್ನು ತಿನ್ನುತ್ತದೆ; ಪಿವಿಸಿ ಹಾಕಬೇಕು, ಅಮೃತಶಿಲೆಯ ಚೂರುಗಳ ಮೂಲಕ ಹಾಯಿಸಿ ಹುಳಿ ಮುರಿಯಬೇಕು. ಭಾವ ಉತ್ಸಾಹದಿಂದ ಉಳಿದ ಗ್ರಾನೈಟ್ ಚೂರು ತಂದರು. ಗ್ರಾನೈಟು ಈ ಹುಳಿಗೆ ಜಗ್ಗುವುದಿಲ್ಲ. ದೇವರ ಮಂಟಪಕ್ಕೆ ತಂದಿದ್ದ ಬಿಳಿ ಮಾರ್ಬಲ್ಲಿನ ಅಂಚುಗಳು ಕೊನೆಗೆ ಮೋರಿಯ ಸೇವೆಗೆ ಸಂದವು.

ಬಿಲ್ಲು ಬಂತು. ಗ್ಯಾಸಿನದು ಅಡಿಯ ಲೆಕ್ಕ, ನಕ್ಷೆ, ಪರೀಕ್ಷೆಯ ಪತ್ರ ಸಮೇತ ಐದು ಪುಟ. ಡ್ರೈನೇಜಿನದು ಒಂದು ಸಾಲು. ಭಾವ ಐದು ಪುಟವನ್ನು ಒಪ್ಪಿ ಒಂದು ಸಾಲಿಗೆ ಚೌಕಾಸಿ ಮಾಡಿದರು. ನಾನು ಹೇಳಿದೆ: "ಭಾವ, ನಿಮ್ಮ ಛತ್ರದಲ್ಲಿ ಬಂದವರಿಗೆ ಪನ್ನೀರು ಚಿಮುಕಿಸಿ, ಹೋಗುವವರಿಗೆ ತಾಂಬೂಲ ಕೊಡದೆ ಕಳಿಸುತ್ತೀರಾ?" ಭಾವ ಸ್ವಲ್ಪ ಯೋಚಿಸಿ ಪೂರ್ತಿ ಕೊಟ್ಟರು. ತಾಂಬೂಲದ ಚೀಲ ತಪ್ಪಿದ್ದಕ್ಕೆ ಎಷ್ಟು ನೆಂಟಸ್ತಿಕೆಗಳು ಮುರಿದಿವೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದ್ದರಿಂದ ಮಕ್ಕಳ ಮದುವೆಗೆ ಛತ್ರ ನೋಡಲು ಹೊರಟವರಿಗೆ ನನ್ನದೊಂದು ಸಲಹೆ. ವೇದಿಕೆ, ಎ.ಸಿ., ಕಾರು ನಿಲ್ಲಿಸುವ ಜಾಗ ಎಲ್ಲ ಆಮೇಲಿರಲಿ. ನೇರ ಅಡುಗೆಮನೆಗೆ ಹೋಗಿ ಜಾಲರಿಗೆ ದೂರದ ಮೂಲೆಯಲ್ಲಿ ಒಂದು ಬಿಂದಿಗೆ ನೀರು ಸುರಿಯಿರಿ. ಮ್ಯಾನೇಜರು ತರಿಸಿದ ಕಾಫಿ ಮುಗಿಯುವುದರೊಳಗೆ ನೆಲ ಖಾಲಿಯಾದರೆ ಮುಂಗಡ ಕೊಡಿ. ನೀರು ಅಲ್ಲೇ ಕೂತರೆ ಕಾಫಿಗೆ ಥ್ಯಾಂಕ್ಸ್ ಹೇಳಿ ಮುಂದಿನ ಛತ್ರಕ್ಕೆ ನಡೆಯಿರಿ. ಮುಹೂರ್ತವನ್ನು ಬೇಕಾದರೆ ಪುರೋಹಿತರು ಹಿಂದೆ ಮುಂದೆ ಮಾಡಿಕೊಡುತ್ತಾರೆ, ಇಳಿಜಾರನ್ನು ಮಾಡಿಕೊಡಲಾರರು.