ಲೊಸ್ಸೊತ್ ಜನರ ಮಾತೆಲ್ಲಿ, ಟೋಲ್ಕಿನ್ ಅವರೇ?

ಮಾನ್ಯ ಪ್ರೊಫೆಸರ್ ಟೋಲ್ಕಿನ್ ಅವರೇ,

ನಿಮ್ಮ ಕಥೆಗಳ ಎಲ್ಫ್‌ಗಳ ವರ್ಷಕ್ಕೂ ಆರು ಋತು ಎಂದು ಓದಿದಾಗ, ಹೇಮಂತ, ಶಿಶಿರ ಎಂದು ಬಾಯಿಪಾಠ ಮಾಡಿ ಬೆಳೆದ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವರ ಕ್ವೆನ್ಯಾ ಭಾಷೆಯಲ್ಲಿ ಚಳಿಗಾಲಕ್ಕೆ ‘ಹ್ರೀವೆ’ ಎಂದು ಹೆಸರಿಟ್ಟು 72 ದಿನ ಕೊಟ್ಟಿರಿ. ಅದಕ್ಕೆ ಮೊದಲು ಎಲ್ಲವೂ ಬಾಡುವ ‘ಕ್ವೆಲ್ಲೆ’, ಆಮೇಲೆ ಜೀವ ಮಿಸುಕುವ ‘ಕೊಯ್ರೆ’, ತಲಾ 54 ದಿನ. ಹಿಮಕ್ಕೊಂದು ಪದ, ಅದರದೇ ದನಿಯಲ್ಲಿ ಹೂವಿಗೂ ಒಂದು ಪದ. ಹಿಮದ ನೆನಪು ತಾಗಿ ಆ ಹೂವಿನ ಪದ ಬಿಳಿಯ ಹೂವಿಗೆ ಮಾತ್ರ ಸಲ್ಲತೊಡಗಿತೆಂದು ಟಿಪ್ಪಣಿಯನ್ನೂ ಬರೆದಿರಿ. ತಾವೇ ಹುಟ್ಟಿಸಿದ ಭಾಷೆಗೆ ಇಷ್ಟು ಸ್ವಾತಂತ್ರ್ಯ ಕೊಟ್ಟವರು ಅಪರೂಪ.

ನನ್ನ ತಕರಾರು ಬೇರೆ. ಈ ಪದಗಳೆಲ್ಲ ಸೇರಿದ್ದು ಯಾರ ಬಾಯಿಗೆ? ಕಾರಧ್ರಾಸ್ ಬೆಟ್ಟದಲ್ಲಿ ಮನುಷ್ಯನಾದ ಬೊರೊಮಿರ್ ಎದೆಮಟ್ಟದ ಹಿಮವನ್ನು ತೋಳಿನಿಂದ ಸರಿಸುತ್ತ ದಾರಿ ಬಿಡಿಸುವಾಗ, ಎಲ್ಫ್ ಆದ ಲೆಗೊಲಾಸ್ ಅದೇ ಹಿಮದ ಮೇಲೆ ಹೆಜ್ಜೆ ಹೂತುಹೋಗದಂತೆ ಓಡಿಹೋಗುತ್ತಾನೆ. ಹಿಮ ಅವನಿಗೆ ಭಾರವೇ ಅಲ್ಲ.

ಭಾರ ಹೊತ್ತವರು ಫೊರೊಖೆಲ್ ಕೊಲ್ಲಿಯ ಲೊಸ್ಸೊತ್ ಜನ. ಹಿಮದಲ್ಲೇ ಮನೆ ಕಟ್ಟುತ್ತಾರೆ, ಕಾಲಿಗೆ ಮೂಳೆ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಓಡುತ್ತಾರೆ, ಅವರ ಬಂಡಿಗೆ ಗಾಲಿಯಿಲ್ಲ. ರಾಜ್ಯ ಕಳೆದುಕೊಂಡು ಬಂದ ರಾಜ ಅರ್ವೆದುಯಿಗೆ ಆಸರೆ ಕೊಟ್ಟವರೂ ಅವರೇ. ನಿನ್ನನ್ನು ಒಯ್ಯಲು ಬಂದ ಹಡಗು ಹತ್ತಬೇಡ, ಬೇಸಿಗೆಯವರೆಗೆ ತಾಳು ಎಂದು ಅವರ ಮುಖಂಡ ಎಚ್ಚರಿಸಿದ. ರಾಜ ಕೇಳಲಿಲ್ಲ. ಬಿರುಗಾಳಿ ಹಡಗನ್ನು ಮಂಜುಗಡ್ಡೆಗೆ ಅಪ್ಪಳಿಸಿ ಒಡೆಯಿತು, ರಾಜ ಮುಳುಗಿದ. ಇಷ್ಟು ಬಲ್ಲ ಜನರ ಭಾಷೆಯ ಒಂದೇ ಒಂದು ಪದವನ್ನೂ ನೀವು ಬಿಟ್ಟುಹೋಗಲಿಲ್ಲ. ‘ಲೊಸ್ಸೊತ್’ ಎಂಬುದೂ ಎಲ್ಫ್‌ಗಳ ಮಾತೇ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಹವೆಯ ಮಾತು ಹುಟ್ಟುವುದು ಅದರಲ್ಲಿ ದುಡಿಯುವವರ ನಡುವೆ ಎಂಬುದನ್ನು ಭಾಷಾಶಾಸ್ತ್ರಜ್ಞರಾದ ನಿಮಗೆ ನಾನು ಹೇಳಬೇಕಿಲ್ಲ.

ನಿಮ್ಮ ಹಾದಿ ಹಿಡಿದು ಹೊಸ ಭಾಷೆ ಕಟ್ಟುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಲೊಸ್ಸೊತ್ ಮಾತನ್ನು ಕಟ್ಟಲು ಕೂತರೆ, ಹೊಳೆಯುವ ಹಿಮದ ಬಣ್ಣನೆ ಆಮೇಲಿರಲಿ. ಆಳಿನ ಭಾರ ತಡೆಯುವ ಮಂಜುಗಡ್ಡೆಗೊಂದು ಪದ, ಕಾಲಿಟ್ಟರೆ ಬಿರಿಯುವ ಗಡ್ಡೆಗೆ ದೂರದಿಂದ ಕೂಗಿದರೂ ಬೇರೆಯಾಗಿ ಕೇಳಿಸುವ ಇನ್ನೊಂದು ಪದ ಮೊದಲು ಬೇಕು. ಬಂಡಿ ಸರಾಗ ಜಾರುವ ಹಿಮ, ಬಂಡಿಗೆ ಅಂಟಿ ಎಳೆಯಗೊಡದ ಹಿಮ, ಗೋಡೆಗೆ ಕೊಯ್ಯಲು ಬರುವ ಹಿಮ, ಇವಕ್ಕೂ ಬೇಕು. ಹಡಗು ಹೊರಡಬಾರದ ಗಾಳಿಗೂ ಒಂದು ಬೇಕು.

ಇಂತಿ,
ನಿಮ್ಮ ಓದುಗ