ಹಿಡಿಕೆಯ ಜಾತಕ

1994ರಲ್ಲಿ ಅಮೆರಿಕದ ಸಂಸತ್ತು ‘ದಾಳಿ ಶಸ್ತ್ರ’ಗಳನ್ನು ಹತ್ತು ವರ್ಷಗಳ ಅವಧಿಗೆ ನಿಷೇಧಿಸಿದಾಗ, ಕಾಯಿದೆಯು ಹೆಸರು ಹಿಡಿದು ನಿಷೇಧಿಸಿದ ಕೋಲ್ಟ್ ಎಆರ್-15 ರೈಫಲ್ಲಿಗೂ, ಅದರ ಅನುಬಂಧವು ಹೆಸರು ಹಿಡಿದೇ ವಿನಾಯಿತಿ ನೀಡಿದ ರೂಗರ್ ಮಿನಿ-14 ರೈಫಲ್ಲಿಗೂ ಅಂಗಡಿಯ ಕಪಾಟಿನಲ್ಲಿ ನಡೆದಿರಬಹುದಾದ ಸಂವಾದವನ್ನು ಹೀಗೆ ಊಹಿಸಬಹುದು.

ಎಆರ್-15: ಇಬ್ಬರೂ ಅರೆಸ್ವಯಂಚಾಲಿತರು, ಎಂದರೆ ಟ್ರಿಗರನ್ನು ಒಮ್ಮೆ ಒತ್ತಿದರೆ ಒಂದು ಗುಂಡು ಹಾರಿ ಮುಂದಿನದು ತಾನಾಗಿ ಸಿದ್ಧವಾಗುವ ಕುಲದವರು; ಉಣ್ಣುವ ತೋಟಾ ಕೂಡ .223 ಅಳತೆಯದೇ. ಹೀಗಿರುವಾಗ ತಮಗೇಕೆ ಈ ಮರ್ಯಾದೆ?

ಮಿನಿ-14: ಮೈಮೇಲೆ ಮಡಚಲಾಗದ ಮರವಿದೆ, ಸ್ವಾಮಿ. ತಮಗಾದರೋ ಪಿಸ್ತೂಲಿನಂಥ ಹಿಡಿಕೆ, ಸಾಲದೆಂಬಂತೆ ಬಯೊನೆಟ್ ಎಂಬ ಇರಿಯುವ ಬಾಕುವನ್ನು ಸಿಕ್ಕಿಸಲು ಗೂಟ. ಕಳಚಬಹುದಾದ ಮ್ಯಾಗಜೀನಿನ ಜೊತೆಗೆ ಇಂಥ ಐದು ಲಕ್ಷಣಗಳಲ್ಲಿ ಎರಡು ಕೂಡಿದರೆ ಜಾತಕ ಕೆಟ್ಟಂತೆಯೇ.

ಎಆರ್-15: ಗೂಟ ಕಿತ್ತರೆ ಗುಂಡು ಮೆತ್ತಗಾಗುವುದೇ?

ಮಿನಿ-14: ಅದನ್ನು ಕೇಳುವವರಾರು? ಎಆರ್ ಎಂದರೆ ‘ಅಸಾಲ್ಟ್ ರೈಫಲ್’ ಅಲ್ಲ, ಮೊದಲು ರೂಪಿಸಿದ ಆರ್ಮಲೈಟ್ ಕಂಪನಿಯ ಹೆಸರು ಎಂದು ತಮ್ಮ ಭಕ್ತರು ವ್ಯಾಕರಣ ಬೋಧಿಸತೊಡಗಿದರೆ, ಸತ್ತವರ ಮಾತು ಅಲ್ಲಿಗೇ ನಿಲ್ಲುತ್ತದೆ.

ಗೂಟವನ್ನೂ ಬೆಂಕಿಯ ಮಿಂಚನ್ನು ಮರೆಸುವ ನಳಿಗೆತುದಿಯನ್ನೂ ಕಳೆದುಕೊಂಡು, ಹಿಡಿಕೆಯೊಂದನ್ನೇ ಉಳಿಸಿಕೊಂಡ ಎಆರ್-15 ಮುಂದೆ ‘ಮ್ಯಾಚ್ ಟಾರ್ಗೆಟ್’ ಎಂಬ ಕ್ರೀಡಾನಾಮದಲ್ಲಿ ಅದೇ ಕಪಾಟಿಗೆ ಮರಳಿತು. 2004ರಲ್ಲಿ ಕಾಯಿದೆಯ ಆಯುಷ್ಯ ಮುಗಿದ ಮೇಲೆ ಗೂಟವೂ ಮರಳಿತು.