ಚಾರ್ಜು ಇಳಿಯದ ಫೋನಿನ ಸಂದರ್ಶನ

ಉಡುಪಿ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಕಾಲೇಜಿಗೆ ಬರವಿಲ್ಲ. ಮಣಿಪಾಲದ ಎಂಐಟಿ 1957ರದ್ದು, ಕಾರ್ಕಳ ತಾಲೂಕಿನ ನಿಟ್ಟೆಯದು 1986ರದ್ದು, ಕಾಪು ಕಡೆಯ ಬಂಟಕಲ್ಲಿನದು 2010ರದ್ದು. ಎಲ್ಲಿ ಸೇರಿದರೂ ಆಂಡ್ರಾಯ್ಡ್ ಆ್ಯಪ್ ಮಾಡಲು ಹೊರಟವರಿಗೆ ಮೊದಲು ಎದುರಾಗುವ ಫೋನ್ ಒಂದೇ. ಅದನ್ನು ಕಿಸೆಗೆ ಹಾಕಿಕೊಳ್ಳಲಾಗದು, ಕೈಜಾರಿ ಬೀಳಿಸಲೂ ಆಗದು. ಆಂಡ್ರಾಯ್ಡ್ ಸ್ಟುಡಿಯೊದೊಳಗೆ, ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಆ ನಕಲಿ ಫೋನಿಗೆ ಎಮ್ಯುಲೇಟರ್ ಎಂದು ಹೆಸರು. ಆ್ಯಪ್ ಕಲಿಕೆಯ ಬಗ್ಗೆ ಮೇಷ್ಟ್ರು, ಮಕ್ಕಳು, ಕಂಪನಿಯವರು ಎಲ್ಲರೂ ಮಾತಾಡಿಯಾಗಿದೆ. ಈ ಎಮ್ಯುಲೇಟರನ್ನು ಮಾತ್ರ ಯಾರೂ ಕೇಳಿದ್ದಿಲ್ಲ.

ಪ್ರಶ್ನೆ: ನಮಸ್ಕಾರ. ಈಗ ಎಲ್ಲಿದ್ದೀರಿ?

ಎಮ್ಯುಲೇಟರ್: ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ, ಗೂಗಲ್ ಕಚೇರಿಯ ಅಂಗಳದಲ್ಲಿ. ಲ್ಯಾಪ್‌ಟಾಪ್ ನಿಟ್ಟೆಯಲ್ಲಿರಲಿ ಕಾಪುವಿನಲ್ಲಿರಲಿ, ಮ್ಯಾಪ್ ತೆರೆದರೆ ನನ್ನ ಚುಕ್ಕೆ ಅಲ್ಲೇ ಬೀಳುವುದು; ಯಾರಾದರೂ ಕೈಯಾರೆ ಬದಲಿಸುವ ತನಕ ನಾನು ಜಾಗ ಬಿಡುವವನಲ್ಲ. ಬ್ಯಾಟರಿ ನೂರು ಪರ್ಸೆಂಟ್, ಅದೂ ಸದಾ ಚಾರ್ಜಿನಲ್ಲಿ. ನೆಟ್‌ವರ್ಕ್ ಫುಲ್. ಮಳೆ ತಾಗುವುದಿಲ್ಲ, ಮೀನು ಮುಟ್ಟಿದ ಕೈ ತಾಗುವುದಿಲ್ಲ. ಊಟ ಮಾತ್ರ ಸ್ವಲ್ಪ ಜಾಸ್ತಿ. ಎಂಟು ಜಿಬಿ ರ್‍ಯಾಮ್ ಕೊಟ್ಟರೂ ನಿಮ್ಮ ಲ್ಯಾಪ್‌ಟಾಪಿನ ಫ್ಯಾನ್ ಕೂಗಿಕೊಳ್ಳುತ್ತದೆ.

ಪ್ರಶ್ನೆ: ನೀವು ಸುಖವಾಗಿದ್ದರೆ ಕಲಿಯುವವರಿಗೇನು ತೊಂದರೆ?

ಎಮ್ಯುಲೇಟರ್: ತೊಂದರೆ ನನಗಿಲ್ಲ ಮಾರಾಯ್ರೆ, ಅದೇ ತೊಂದರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸಿನ ಆರನೇ ಸೆಮಿಸ್ಟರಿಗೆ ಮೊಬೈಲ್ ಆ್ಯಪ್ ಲ್ಯಾಬ್ ಇತ್ತು. ವಿಸಿಟಿಂಗ್ ಕಾರ್ಡ್, ಕ್ಯಾಲ್ಕ್ಯುಲೇಟರ್, ಸೈನ್ ಅಪ್ ಹೀಗೆ ಸಾಗುವ ಪಟ್ಟಿ. ಅದರಲ್ಲೊಂದು, ಮಾತ್ರೆಯ ಹೆಸರು, ದಿನ, ಹೊತ್ತು ಬರೆದಿಟ್ಟುಕೊಂಡು ಆ ಹೊತ್ತಿಗೆ ನೆನಪಿಸುವ ಆ್ಯಪ್. ಒಳ್ಳೆಯ ಲೆಕ್ಕ. ನನ್ನ ಮೇಲೆ ಓಡಿಸಿದರೆ ಸರಿಯಾದ ಹೊತ್ತಿಗೆ ಸೂಚನೆ ಬರುತ್ತದೆ, ಮಾರ್ಕೂ ಬರುತ್ತದೆ. ಆದರೆ 2015ರ ಆಂಡ್ರಾಯ್ಡ್ 6ರಿಂದ ಫೋನುಗಳಿಗೆ ಡೋಜ್ ಎಂಬ ನಿದ್ದೆ ಇದೆ. ಚಾರ್ಜರಿನಿಂದ ತೆಗೆದು, ಪರದೆ ಆರಿಸಿ, ಅಲುಗಾಡಿಸದೆ ಇಟ್ಟರೆ ಫೋನ್ ಮಲಗುತ್ತದೆ. ಸಾಮಾನ್ಯ ಅಲಾರಂಗಳನ್ನು ಮುಂದೂಡುತ್ತದೆ. ಸದಾ ಚಾರ್ಜಿನಲ್ಲಿರುವ ನನಗೆ ಆ ನಿದ್ದೆ ಎಲ್ಲಿಂದ ಬರಬೇಕು? ಕಾರ್ಕಳದ ಅಜ್ಜಿಯೊಬ್ಬರ ತಲೆದಿಂಬಿನ ಪಕ್ಕದ ಫೋನಿಗೆ ಬರುತ್ತದೆ. ರಾತ್ರಿ ಒಂಬತ್ತರ ಮಾತ್ರೆಯ ಸೂಚನೆ ಎಷ್ಟು ಹೊತ್ತಿಗೆ ಬಂದೀತೆಂದು ಆ್ಯಪ್ ಮಾಡಿದವರಿಗೇ ಗೊತ್ತಿರುವುದಿಲ್ಲ. ಇದನ್ನು ದಾಟುವ ವಿಧಾನವನ್ನು ಆಂಡ್ರಾಯ್ಡೇ ಕೊಟ್ಟಿದೆ. ಆದರೆ ಫೋನ್ ಮಲಗುತ್ತದೆ ಎಂದು ಕಂಡವರು ತಾನೇ ಎಬ್ಬಿಸುವ ದಾರಿ ಹುಡುಕುವುದು? ಆಸ್ಪತ್ರೆಗೆ ಹೆಸರಾದ ಮಣಿಪಾಲ ಪಕ್ಕದಲ್ಲೇ ಇರುವಾಗ, ಮಾತ್ರೆ ನುಂಗುವವರನ್ನು ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ.

ಪ್ರಶ್ನೆ: ಅಡಿಪಾಯ ಹಾಕದೆ ಮಾಡು ಕಟ್ಟಲಾಗುತ್ತದೆಯೇ? ಲ್ಯಾಬ್ ಇರುವುದು ಬೇಸಿಕ್ಸ್ ಕಲಿಸಲಿಕ್ಕೆ. ಎರಡನೆಯದಾಗಿ, ನಿಮ್ಮಲ್ಲೂ ಬ್ಯಾಟರಿ ಇಳಿಸುವ, ನೆಟ್‌ವರ್ಕ್ ಕೆಡಿಸುವ ಬಟನ್‌ಗಳಿವೆಯಲ್ಲ?

ಎಮ್ಯುಲೇಟರ್: ಇವೆ. ಬದಿಯ ಮೂರು ಚುಕ್ಕೆ ಒತ್ತಿದರೆ ಚಾರ್ಜರ್ ತೆಗೆಯಬಹುದು, ನೆಟ್‌ವರ್ಕನ್ನು ಟುಜಿಗೆ ಇಳಿಸಬಹುದು, ನನ್ನನ್ನು ಕಾಪುವಿನ ದೀಪಸ್ತಂಭದ ಬುಡದಲ್ಲೇ ನಿಲ್ಲಿಸಬಹುದು. ಒತ್ತಿರೆಂದು ಲ್ಯಾಬಿನ ಆ ಪಟ್ಟಿ ಹೇಳುತ್ತಿರಲಿಲ್ಲ, ಅಷ್ಟೆ. ಬೇಸಿಕ್ಸ್ ಬೇಡವೆಂದು ನಾನೂ ಅನ್ನುವುದಿಲ್ಲ. ಅದೇ ಬೇಸಿಕ್ಸ್ ಊರಿನ ಲೆಕ್ಕದಲ್ಲಿ ಬರಲಿ. ಆ ಪಟ್ಟಿಯಲ್ಲಿ ಜೇಸನ್ ಎಂಬ ದತ್ತಾಂಶದ ಫೈಲ್ ಓದುವ ಪಾಠದಲ್ಲಿ ಮೈಸೂರಿನ ತಾಪಮಾನ 22 ಎಂದು ಬರೆದಿಟ್ಟಿತ್ತು, ಮೇ ತಿಂಗಳಲ್ಲೂ 22. ಅದೇ ಪಾಠವನ್ನು ಘಟ್ಟದ ಬುಡದ ಹಳ್ಳಿಯಲ್ಲಿ, ಅರ್ಧದಲ್ಲಿ ಕಡಿದುಹೋಗುವ ನೆಟ್‌ವರ್ಕಿನಿಂದ ತರಿಸಿ ನೋಡಿ. ಕಲಿಯುವುದು ಹತ್ತು ಪಟ್ಟು. ಕ್ಯಾಲ್ಕ್ಯುಲೇಟರನ್ನು ಒದ್ದೆ ಕೈಯಲ್ಲಿ ಒತ್ತಿ ನೋಡಿ, ಏಳಕ್ಕೆ ಎಂಟು ಬಿದ್ದೀತು. ಬಟನ್ ಎಷ್ಟು ದೊಡ್ಡದಿರಬೇಕು ಎಂಬುದು ಆಗ ತಿಳಿಯುತ್ತದೆ. ಸೈನ್ ಅಪ್ ಪಾಠದಲ್ಲಂತೂ ಪಾಸ್‌ವರ್ಡಿಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಕಡ್ಡಾಯವಾಗಿತ್ತು. ಕನ್ನಡದಲ್ಲಿ ಆ ಭೇದವೇ ಇಲ್ಲ. ನುಡಿ ಕೀಲಿಮಣೆಗೆ ಆಧಾರವಾದ ವಿನ್ಯಾಸ ಮಾಡಿದ ಕೆ. ಪಿ. ರಾವ್ ಮಣಿಪಾಲದಲ್ಲೇ ನೆಲೆಸಿದವರು ಎಂಬುದನ್ನು ನೆನೆದರೆ ಸ್ವಲ್ಪ ನಾಚಿಕೆಯ ವಿಷಯ.

ಪ್ರಶ್ನೆ: ಕೆಲಸ ಸಿಕ್ಕ ಮೇಲೆ ಕಂಪನಿಯೇ ಇದೆಲ್ಲ ಕಲಿಸುತ್ತದೆ ಎನ್ನುತ್ತಾರೆ.

ಎಮ್ಯುಲೇಟರ್: ಕಲಿಸುತ್ತದೆ, ತನ್ನ ಗಿರಾಕಿಯ ಬಗ್ಗೆ. ಇದೇ ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್ ದೇಶವಿದೇಶಗಳಿಗೆ ಆ್ಯಪ್ ಮಾಡಿಕೊಟ್ಟಿತು, 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು ಕೊಂಡಿತು. ಇಲ್ಲಿನದೇ 99ಗೇಮ್ಸ್ ಧೂಮ್ 3 ಸಿನಿಮಾದ ಗೇಮ್ ಮಾಡಿತು. ಈ ಊರಲ್ಲಿ ಕುಳಿತು ಆ್ಯಪ್ ಮಾಡಲಾಗದು ಎಂಬ ಮಾತು ಅಲ್ಲಿಗೆ ಮುಗಿಯಿತು. ಆದರೆ ಮಟ್ಟುಗುಳ್ಳ ಬದನೆಯ ಬೆಳೆಗಾರರನ್ನೋ ಕಾಪುವಿನ ಮೀನುಗಾರರನ್ನೋ ಯಾವ ಕಂಪನಿಯೂ ಹೊಸಬರಿಗೆ ಪಾಠವಾಗಿ ಇಡುವುದಿಲ್ಲ. ಅದು ಕಾಲೇಜಿನಿಂದ ಮಾತ್ರ ಆಗುವ ಕೆಲಸ, ಏಕೆಂದರೆ ಲಾಭ ನಷ್ಟ ನೋಡದೆ ಒಬ್ಬ ಬಳಕೆದಾರರ ಹಿಂದೆ ಒಂದು ಸೆಮಿಸ್ಟರ್ ಓಡಾಡುವ ಪುರುಸೊತ್ತು ಇರುವುದು ಅಲ್ಲೇ. ಪಟ್ಟಿಯ ಕೊನೆಗೆ ಮಿನಿ ಪ್ರಾಜೆಕ್ಟ್ ಎಂದೂ ಇತ್ತಲ್ಲ? ಅದರ ಬಳಕೆದಾರರು ಯಾರು ಎಂದು ಕೇಳಿದರೆ ಪರೀಕ್ಷಕರು ಎಂಬ ಉತ್ತರ ಬರಬಾರದು.

ಪ್ರಶ್ನೆ: ಈಗ ಕೋಡನ್ನು ಎಐ ಬರೆಯುತ್ತದೆ. ಇನ್ನು ಕಲಿಯುವುದೇ ಯಾಕೆ?

ಎಮ್ಯುಲೇಟರ್: ಬರೆಯಲಿ, ಅದೂ ನನ್ನ ಹಾಗೆಯೇ ಮಳೆ ಕಾಣದ್ದು. ಕೋಡ್ ಅಗ್ಗವಾದಷ್ಟೂ ಆ ಅಜ್ಜಿಯ ಫೋನ್ ಯಾಕೆ ಮಲಗಿತು ಎಂದು ಹೋಗಿ ನೋಡುವ ಕೆಲಸದ ಬೆಲೆ ಏರುತ್ತದೆ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಲ್ಯಾಬಿನಿಂದ ಹೊರಗಿಡಬೇಕೆ?

ಎಮ್ಯುಲೇಟರ್: ಬೇಡ. ಮೊದಲ ವಾರ ನಾನಿರಲಿ, ಒಳ್ಳೆ ಫೋನ್ ಇಲ್ಲದ ಮಕ್ಕಳಿಗೆ ಕೊನೆಯವರೆಗೂ ಇರಲಿ. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಇನ್ನೊಂದು ಕಾಲಂ ಸೇರಲಿ: ಈ ಆ್ಯಪನ್ನು ಯಾರ ಫೋನಿನಲ್ಲಿ ಓಡಿಸಿದಿರಿ, ಎಲ್ಲಿ ಕೆಟ್ಟಿತು? ಅದಕ್ಕೆ ಹೊಸ ಸ್ಕೀಮ್ ಬರುವ ತನಕ ಕಾಯಬೇಕಾಗಿಲ್ಲ. ಫೋನಿನ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಹುಡುಕಿ ಏಳು ಸಲ ಒತ್ತಿ. ನೀವೀಗ ಡೆವಲಪರ್ ಎಂದು ಅದೇ ಹೇಳುತ್ತದೆ. ಆಮೇಲೆ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿದರೆ ಆ್ಯಪ್ ಆ ಫೋನಿಗೆ ಇಳಿಯುತ್ತದೆ. ಇದಕ್ಕೆ ಫೀಸೂ ಇಲ್ಲ, ಯಾರ ಸಹಿಯೂ ಬೇಡ.